ಕೌದಿಯ ಮೂಲೆಯಲ್ಲಿ ನನ್ನ ಹೆಸರು

ಆ ಕೌದಿಯನ್ನು ಹೊಲಿದವಳು ನಾನಲ್ಲ. ಅದರ ಮೂಲೆಯ ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ‘ಸುಮತಿ’ ಎಂದು ಇತ್ತಲ್ಲ — ಆ ಮೂರು ಅಕ್ಷರ ಮಾತ್ರ ನನ್ನ ಕೈಯದು. ಉಳಿದದ್ದೆಲ್ಲ ಐಸಮ್ಮಕ್ಕನದು. ಐದು ವರ್ಷ ಜನ ಅದರ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ನಾನೂ ನಿಂತೆ. ಹೀಗೆ ನಿಂತು ನಿಂತು ಎಷ್ಟು ದಣಿದಿದ್ದೇನೆಂದರೆ — ಇರಲಿ, ದಣಿವಿನ ಮಾತು ನಾನು ಆಡಬಾರದು.

ಕೊಲ್ಲಿಯ ಈ ನಗರದಲ್ಲಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿ ನಾವಿಬ್ಬರೂ ಎದುರು ಬದುರು ಬಾಗಿಲಿನವರು. ನಾನು ಕಾರ್ಕಳದವಳು, ಗಂಡ ಕಂಪೆನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಐಸಮ್ಮಕ್ಕ ಬಂಟ್ವಾಳದ ಕಡೆಯ ಬ್ಯಾರಿ ಮನೆತನದವರು. ಅವರ ಯಜಮಾನರು ಶಾಲಾ ಬಸ್ ಓಡಿಸುತ್ತಿದ್ದರು. ಐಸಮ್ಮಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಇಲ್ಲಿ ಕೌದಿ ಬೇಕಾಗುವುದು ಎ.ಸಿ.ಯ ಚಳಿಗೆ, ಹಾಗಾಗಿ ವರ್ಷವಿಡೀ ಅವರ ಕೈಯಲ್ಲಿ ಸೂಜಿ ಇರುತ್ತಿತ್ತು. ಮೊಮ್ಮಕ್ಕಳಿಗೆ, ನೆಂಟರ ಮಕ್ಕಳಿಗೆ, ಒಮ್ಮೆ ನನ್ನ ಮಗಳಿಗೂ.

ಕೌದಿಗೆ ಹೆಸರು ಹಾಕುವ ಅಭ್ಯಾಸ ಹಚ್ಚಿದವಳು ನಾನೇ. ಹೊಲಿದವರು ಯಾರೆಂದು ಮುಂದೆ ಮಕ್ಕಳಿಗೆ ಗೊತ್ತಾಗಬೇಡವೇ ಎಂದಿದ್ದೆ. ಅವರು ನಕ್ಕಿದ್ದರು — ಮಗುವಿಗೆ ಚಳಿ ಹೋದರೆ ಸಾಕಲ್ಲ ಎಂದು. ಆದರೂ ಒಪ್ಪಿದರು. ಚಿಕ್ಕಂದಿನಿಂದ ಕುರ್‌ಆನ್ ಸರಾಗವಾಗಿ ಓದಿದವರು, ಕನ್ನಡದ ಅಕ್ಷರ ಮಾತ್ರ ಕಲಿತಿರಲಿಲ್ಲ. ನಾನು ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ‘ಐಸಮ್ಮ’ ಎಂದು ಬರೆದುಕೊಡುವುದು, ಅವರು ಅದರ ಮೇಲೆ ದಾರ ಓಡಿಸುವುದು. ಕೊನೆಯ ಅಕ್ಷರದ ಕೆಳಗಿನ ಒತ್ತು ಅವರಿಗೆ ಬಹಳ ಇಷ್ಟ. ‘ಇದು ತಾಯಿ, ಅಡಿಯಲ್ಲಿ ಮಗು’ ಎನ್ನುತ್ತಿದ್ದರು. ಹಾಗೆ ಹನ್ನೊಂದು ಕೌದಿಗಳಿಗೆ ಹೆಸರು ಹಾಕಿದೆವು.

ಹನ್ನೆರಡನೆಯದು — ಅದೇ ಇದು.

ನಮ್ಮ ಕಟ್ಟಡ ಕೆಡವುತ್ತಾರೆಂದು ನೋಟಿಸ್ ಬಂದ ಮೇಲೆ ಒಬ್ಬೊಬ್ಬರೇ ಖಾಲಿ ಮಾಡತೊಡಗಿದರು. ಊರಿಗೇ ಹೊರಟವರು ತೂಕ ಹೆಚ್ಚಾಗಿ ಒಯ್ಯಲಾಗದ ಬಟ್ಟೆಗಳನ್ನು ಐಸಮ್ಮಕ್ಕನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಮೇಲಿನ ಮಹಡಿಯ ಮಲಯಾಳಿ ನರ್ಸಿನ ಸಮವಸ್ತ್ರ, ಈಜಿಪ್ಟಿನ ಟೀಚರಮ್ಮನ ತಲೆವಸ್ತ್ರ, ಯಾರದೋ ಲುಂಗಿ, ಯಾರದೋ ಮಗುವಿನ ಫ್ರಾಕು. ನನ್ನ ಮಗಳ ಶಾಲೆಯ ಚೌಕುಳಿ ಸ್ಕರ್ಟನ್ನೂ ಕೇಳಿ ಪಡೆದರು. ಹದಿನಾರು ಮನೆ, ಹದಿನಾರು ಮನೆಯ ಬಟ್ಟೆ. ಕಟ್ಟಡ ಹೇಗಿತ್ತೋ ಹಾಗೆಯೇ ಜೋಡಿಸಿದರು — ಕೆಳಗಿನವರ ಬಟ್ಟೆ ಕೆಳಗೆ, ಮೇಲಿನವರದು ಮೇಲೆ, ಎದುರು ಬಾಗಿಲಿನವರು ಎದುರು ಬದುರು. ಅಷ್ಟು ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅರ್ಧದಷ್ಟನ್ನು ಕೈಯಿಂದ ತಡವಿಯೇ ಹೊಲಿದಿದ್ದರು.

ಕಣ್ಣಿನ ಆಪರೇಶನ್ನಿಗೆ ಮಂಗಳೂರಿಗೆ ಹೊರಡುವ ಮುನ್ನ ಕೌದಿಯನ್ನು ನನ್ನ ಮಡಿಲಿಗೆ ಹಾಕಿದರು. ನಮ್ಮ ಮಹಿಳಾ ಬಳಗದ ಕೈಕೆಲಸ ಪ್ರದರ್ಶನ ಇತ್ತು. ಅದಕ್ಕೆ ಕೊಡಬೇಕೆಂದು ಒತ್ತಾಯಿಸಿದ್ದವಳೂ ನಾನೇ.

“ಎಲ್ಲ ಆಗಿದೆ. ಹೆಸರೊಂದು ಬಾಕಿ ಉಂಟು,” ಎಂದರು. “ಈ ಸಲ ನೀವೇ ಹೊಲಿದುಬಿಡಿ ಸುಮತಿ.”

ನಾನು ಪಟ್ಟಿ ಕತ್ತರಿಸಿದೆ. ‘ಐಸಮ್ಮ’ ಎಂದೇ ಬರೆದೆ. ಸೂಜಿಗೆ ದಾರ ಪೋಣಿಸಿ ಕುಳಿತೆ. ಆಮೇಲೆ — ಏನಾಯಿತೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿ ಯಾರದೋ ಹೆಂಡತಿ, ಯಾರದೋ ಅಮ್ಮ ಆಗಿಯೇ ಇದ್ದೆ ಎನ್ನಬಹುದು. ಅದು ನಿಜ. ಆದರೆ ಐಸಮ್ಮಕ್ಕನೂ ಹಾಗೆಯೇ ಇದ್ದವರಲ್ಲವೇ. ರಬ್ಬರು ತಂದು ಉಜ್ಜಿದೆ. ಬಟ್ಟೆಯ ಮೇಲಿನ ಪೆನ್ಸಿಲು ಪೂರ್ತಿ ಹೋಗುವುದಿಲ್ಲ, ಬೂದಿಯ ಹಾಗೆ ಉಳಿಯುತ್ತದೆ. ಅದರ ಮೇಲೆಯೇ ನನ್ನ ಹೆಸರು ಬರೆದೆ. ಹೊಲಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಪ್ರದರ್ಶನದಲ್ಲಿ ಎಲ್ಲರೂ ಅದರ ಮುಂದೆಯೇ ನಿಂತರು. ಕಟ್ಟಡದ ಕತೆ ಹೇಳಿದೆ — ನನ್ನ ಯೋಚನೆಯೇ ಎಂಬಂತೆ. ಕೆಲವರ ಕಣ್ಣಲ್ಲಿ ನೀರು ಬಂತು. ಅವರೂ ಎಷ್ಟೋ ಮನೆ ಬಿಟ್ಟು ಬಂದವರು. ಅಲ್ ಅಜೀಜಿಯಾದಲ್ಲಿ ಬಳಗ ಸೇರುವ ವಿಲ್ಲಾದ ಗೋಡೆಗೆ ಅದನ್ನು ಕಾಯಂ ತೂಗುಹಾಕಬೇಕೆಂದು ಅಂದೇ ನಿರ್ಧಾರವಾಯಿತು.

ಎರಡು ತಿಂಗಳಿಗೆ ಐಸಮ್ಮಕ್ಕ ವಾಪಸು ಬಂದರು. ಒಂದು ಕಣ್ಣಿನದು ಮಾತ್ರ ಆಗಿತ್ತು. ಕಪ್ಪು ಕನ್ನಡಕ ಹಾಕಿದ್ದರು. ಅಷ್ಟರಲ್ಲಿ ಕಟ್ಟಡ ಖಾಲಿಯಾಗಿತ್ತು; ಮಗ ರಫೀಕ್ ಅವರನ್ನು ಅಲ್ ವಕ್ರಾದ ತನ್ನ ಮನೆಗೆ ಕರೆದುಕೊಂಡು ಹೋದ. ಕೌದಿ ನೋಡಬೇಕು ಎಂದು ಅವರಿಂದ ಫೋನು ಬಂತು. ಬೇಡವೆನ್ನಲು ಏನು ನೆಪ ಹೇಳಲಿ? ಶುಕ್ರವಾರ ಸಂಜೆ ರಫೀಕ್ ಕರೆತಂದ. ಅವನು ಹೊರಗೆ ಕಾರಿನ ಹತ್ತಿರವೇ ಉಳಿದ. ಒಳಗೆ ನಾವಿಬ್ಬರೇ.

ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಮೂಲೆಗೆ ಬಂದು ಪಟ್ಟಿಯ ಮೇಲೆ ಬೆರಳಿಟ್ಟರು.

“ಇದು ನನ್ನ ಹೆಸರಾ?”

“ಹೌದಕ್ಕ, ನಿಮ್ಮದೇ,” ಎಂದೆ.

ಓದಲು ಬಾರದವರಿಗೆ ಹೀಗೆ ಹೇಳಿದೆ. ಆದರೆ ಆ ಬೆರಳು ಹನ್ನೊಂದು ಸಲ ಆ ಅಕ್ಷರಗಳ ಮೇಲೆ ಓಡಾಡಿದ ಬೆರಳು. ಅದು ಮೆಲ್ಲಗೆ ಮೊದಲಿನಿಂದ ಕೊನೆಯವರೆಗೆ ಹೋಯಿತು. ಕೊನೆಯ ಅಕ್ಷರದ ಕೆಳಗೆ ಇಳಿಯಿತು, ಒತ್ತನ್ನು ಹುಡುಕಿತು. ಅಲ್ಲಿ ಬರೀ ಬಟ್ಟೆ. ಇನ್ನೊಮ್ಮೆ ಹುಡುಕಿತು. ಆಮೇಲೆ ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಚೆನ್ನಾಗಿ ಹೊಲಿದಿದ್ದೀರಿ,” ಎಂದರು. ಅಷ್ಟೇ.

ಅವರಿಗೆ ಗೊತ್ತಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇಬ್ಬರಿಗೂ ಗೊತ್ತಿದ್ದೂ — ಕಾರಿನವರೆಗೆ ಅವರ ತೋಳು ಹಿಡಿದು ನಡೆಸಿದೆ, ಮೆಟ್ಟಿಲು ಜೋಪಾನ ಎಂದೆ. ಮುಂದಿನ ವರ್ಷ ಮೊಮ್ಮಗಳಿಗೆ ಹೊಸ ಕೌದಿ ಹೊಲಿದರೆಂದು ಕೇಳಿ, ಹೆಸರು ಬರೆದುಕೊಡಲೇ ಎಂದು ಫೋನಿನಲ್ಲಿ ಕೇಳುವಷ್ಟು ನಾಚಿಕೆಗೆಟ್ಟಿದ್ದೆ. ಬೇಡ, ಹೆಸರಿನದ್ದೆಲ್ಲ ಖಲಾಸ್ ಎಂದರು. ಸಿಟ್ಟಿರಲಿಲ್ಲ ಸ್ವರದಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

ಹೀಗೆಯೇ ಸಾಗುತ್ತಿತ್ತು. ಎರಡು ತಿಂಗಳ ಹಿಂದೆ ಬಳಗದ ಹೊಸ ಹುಡುಗಿ ಅಶ್ವಿನಿ, ಪುಸ್ತಿಕೆಯೊಂದಕ್ಕಾಗಿ ಕೌದಿಯ ಒಂದೊಂದು ತುಂಡಿನ ವಿವರ ಬರೆದುಕೊಳ್ಳಲು ಬಂದಳು. ಮಧ್ಯದ ಹಳದಿ ಹೂವಿನ ತುಂಡು ಯಾರದು ಆಂಟಿ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬ ಗರ್ಭಿಣಿ ಇದ್ದಳು ಎಂದು ಬಾಯಿಗೆ ಬಂದಂತೆ ಕತೆ ಕಟ್ಟಿದೆ. ಅವಳು ಶ್ರದ್ಧೆಯಿಂದ ಬರೆದುಕೊಂಡಳು. ಅವಳು ಬರೆಯುವುದನ್ನೇ ನೋಡುತ್ತ ಕುಳಿತೆ — ಹದಿನಾರು ಮನೆಗಳಲ್ಲಿ ನಿಜವಾಗಿ ಬಾಳಿದವರನ್ನೂ ನಾನು ಅಳಿಸಲು ಶುರುಮಾಡಿದ್ದೆ.

ಮರುದಿನ ಮೆಟ್ರೊ ಹತ್ತಿ ಅಲ್ ವಕ್ರಾಕ್ಕೆ ಹೋದೆ. ಐಸಮ್ಮಕ್ಕ ಅಡುಗೆಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಈಗ ಎರಡೂ ಕಣ್ಣು ಕಾಣುತ್ತದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತುಂಟು,” ಎಂದರು. ಇನ್ನೊಂದು ಎಸಳು ಕೈಗೆತ್ತಿಕೊಂಡು, “ಕೇಳಿದ್ರೆ ನಿಮ್ಮ ಹೆಸರೂ ಹಾಕಬಹುದಿತ್ತು. ನಿಮ್ಮ ಮನೆಯ ಬಟ್ಟೆಯೂ ಉಂಟಲ್ಲ ಅದರಲ್ಲಿ.”

ನನ್ನ ಹೆಸರು ಬಿಚ್ಚಿ ಅವರದನ್ನು ಹೊಲಿದುಕೊಡುತ್ತೇನೆ ಎಂದೆ. ತಲೆಯಾಡಿಸಿ ಬೇಡವೆಂದರು.

“ನೀವು ಹೊಲಿಯುವುದು ಬೇಡ. ನನ್ನ ಹತ್ತಿರ ಹೇಳಿ ಏನು ಸುಮತಿ? ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರ ಹತ್ತಿರ ಹೇಳಿ.”

ಚಹಾ ಕೊಟ್ಟರು. ಕುಡಿದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳಿದರೆ ಇನ್ನೊಂದನ್ನು ಅವರಿಂದ ಕಿತ್ತುಕೊಂಡಂತೆ ಆಗುತ್ತಿತ್ತು.

ಆಮೇಲೂ ಎರಡು ತಿಂಗಳು ಮುಂದೂಡಿದೆ. ಹೋದ ವಾರ ವಿಲ್ಲಾಕ್ಕೆ ಹೋಗಿ ಪಟ್ಟಿಯ ಹೊಲಿಗೆ ಬಿಚ್ಚಿ ತೆಗೆದೆ. ಅಶ್ವಿನಿಗೆ ಫೋನು ಮಾಡಿ ನಾನು ಹೇಳಿದ್ದೆಲ್ಲ ಹೊಡೆದುಹಾಕು, ಯಾಕೆಂದು ಶುಕ್ರವಾರ ಹೇಳುತ್ತೇನೆ ಎಂದೆ. ಅವಳು ಗಲಿಬಿಲಿಗೊಂಡಳು.

ಶುಕ್ರವಾರ ಎಂದರೆ ನಾಳೆ. ಬಳಗದ ಸಭೆಯಲ್ಲಿ ಐದು ನಿಮಿಷ ಕೇಳಿಕೊಂಡಿದ್ದೇನೆ. ಸನ್ಮಾನದ ವಿಷಯ ಎಂದುಕೊಂಡಿದ್ದಾರೆ ಅವರು. ಬಾಯಿ ತಪ್ಪಬಾರದೆಂದು ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಇದನ್ನೇ ಓದುತ್ತೇನೆ, ಮೊದಲ ಸಾಲಿನಿಂದ. ಓದಿ ಮುಗಿಸಿದ ಮೇಲೆ ಅಲ್ಲಿ ಕುಳಿತಿರುತ್ತೇನೆ. ಯಾರು ಏನು ಕೇಳಿದರೂ ಉತ್ತರ ಕೊಡಬೇಕಲ್ಲ.