ಖಿಡಕಿ ಅಷ್ಟ ಸಾಕ್ರಿ

ವಿಜಯಪುರದ ಅಥಣಿ ರಸ್ತೆಯ ಬಡಾವಣೆಯಲ್ಲಿ ನಮ್ಮ ನೆರೆಯವರಾಗಿದ್ದ ಚಿತ್ರಕಲಾ ಶಿಕ್ಷಕರ ಕುರಿತು, ನಾನು ಕಣ್ಣಾರೆ ಕಂಡಷ್ಟನ್ನು ಮಾತ್ರ ಈ ಮೂಲಕ ನಿವೇದಿಸುತ್ತೇನೆ. ರಜೆಯ ದಿನಗಳಲ್ಲಿ ಅವರು ಹಳೆಯ ಕಟ್ಟಡಗಳ ಕಿಟಕಿಗಳ ಛಾಯಾಚಿತ್ರ ತೆಗೆಯುತ್ತಿದ್ದರು. ಕ್ಯಾಮೆರಾ ಎತ್ತುವ ಮುನ್ನ ಚಪ್ಪಲಿ ಕಳಚಿ, "ಖಿಡಕಿ ಅಷ್ಟ ಸಾಕ್ರಿ" ಎಂದು ಮನೆಯವರ ಅಪ್ಪಣೆ ಕೇಳುವುದು ಅವರ ವಾಡಿಕೆಯಾಗಿತ್ತು.

ಒಮ್ಮೆ ತಿಕೋಟಾದ ಓಣಿಯೊಂದಕ್ಕೆ ನಾನೂ ಜೊತೆಯಲ್ಲಿ ಹೋಗಿದ್ದೆ. ರಸ್ತೆ ಅಗಲೀಕರಣಕ್ಕೆಂದು ಆ ಓಣಿಯಲ್ಲಿ ಅಳತೆ ನಡೆದಿತ್ತೆಂಬುದು ನಮಗೆ ತಿಳಿದಿರಲಿಲ್ಲ. ಹಳೆಯ ಮನೆಯೊಂದರ ಮುಂದೆ ನಿಂತು ಅವರು ಅಪ್ಪಣೆ ಕೇಳುತ್ತಲೇ ಒಳಗಿದ್ದ ಅಜ್ಜಿ ಕಿಟಕಿಯ ಕದವನ್ನು ಎಳೆದುಕೊಂಡರು.

"ಇವತ್ತ ಖಿಡಕಿ, ನಾಳೆ ಗ್ವಾಡಿ. ಮನಿ ಕೆಡವಾಕ ಫೋಟೋ ಬೇಕೇನ ನಿಮಗ?"

ಶಿಕ್ಷಕರು ಹಿಂದೆ ತೆಗೆದ ಚಿತ್ರಗಳನ್ನು ಕ್ಯಾಮೆರಾದಲ್ಲಿಯೇ ಒಂದೊಂದಾಗಿ ತೋರಿಸಿದರು. ಕದದ ಸಂದಿಯಿಂದ ನೋಡುತ್ತಿದ್ದ ಅಜ್ಜಿ ಒಂದು ಚಿತ್ರ ಬರುತ್ತಲೇ ಕೈ ಚಾಚಿ ತಡೆದರು.

"ಇದು ಬಬಲೇಶ್ವರದ ಹಿಟ್ಟಿನ ಗಿರಣಿ ಹೌದಲ್ಲೋ? ನನ್ನ ತವರಮನಿ ಬಾಜೂಕ ಐತಿ. ಅದನ್ನೂ ಕೆಡವಿಸಿದೇನ?"

"ಇಲ್ಲ ಬೇ ಯವ್ವಾ. ಫೋಟೋ ತಗದು ಭಾಳ ದಿನ ಆತು. ಮೊನ್ನೆ ಹೋದಾಗೂ ಜ್ವಾಳಾ ಬೀಸಾಕತ್ತಿದ್ರು."

ಅಜ್ಜಿ ಕದ ತೆರೆದರು. "ಹಂಗಾರ ತಡಿಯಪ್ಪಾ, ಅರಬಿ ತಗೀತೇನಿ" ಎಂದು ಸರಳುಗಳ ಮೇಲೆ ಒಣಹಾಕಿದ್ದ ಸೀರೆಗೆ ಕೈ ಹಾಕಿದರು.

"ಇರ್ಲಿ ಬೇ. ಅರಬಿ ಇದ್ರನ ಮಂದಿ ಅದಾರಂತ ಗೊತ್ತಾಗೂದು."

ಆ ರಸ್ತೆ ಅಗಲವಾಗಲಿಲ್ಲ. ಶಿಕ್ಷಕರು ವರ್ಗವಾಗಿ ಹೋದರು. ಕಳೆದ ವಾರ ನಾನು ಅದೇ ಓಣಿಯಲ್ಲಿ ಹಾದುಹೋದಾಗ ಅಜ್ಜಿಯ ಕಿಟಕಿಯ ಸರಳುಗಳ ಮೇಲೆ ಹಸಿರು ಸೀರೆಯೊಂದು ಒಣಗುತ್ತಿತ್ತೆಂಬುದನ್ನು, ಆ ಶಿಕ್ಷಕರ ಅವಗಾಹನೆಗಾಗಿ, ಸಮಾಧಾನದಿಂದ ಇಲ್ಲಿ ದಾಖಲಿಸುತ್ತೇನೆ.