ಎಡೆಗೆ ಇಟ್ಟ ಮಜ್ಜಿಗೆ

ಯಾರಿಗೆ ಹೊಟ್ಟೆನೋವು ಬಂದರೂ ಓಮಿನ ಕಾಳು ಹುಡುಕುವುದು ನನ್ನ ಹಳೆಯ ಚಾಳಿ. ಮೊಮ್ಮಕ್ಕಳೇ, ಗಣಿತದ ಪರೀಕ್ಷೆಯ ದಿನವೇ ನಿಮಗೆ ಬರುತ್ತಿದ್ದ ಹೊಟ್ಟೆನೋವಿಗೂ ಅದನ್ನೇ ಅಗಿಸಿದ್ದೇನೆ, ಗುಣವೂ ಆಗಿದೆ. ಹಾಗಾಗಿ ಈ ಬೇಸಿಗೆಯಲ್ಲಿ ನಿಮ್ಮ ಚಿಕ್ಕತಾತ, ಅಂದರೆ ನನ್ನ ಮೈದುನ, ಹೊಟ್ಟೆ ಹಿಡಿದುಕೊಂಡು ಬಂದು ನಮ್ಮ ಸೋಫಾದಲ್ಲಿ ಮುಂದಕ್ಕೆ ಬಾಗಿ ಕುಳಿತಾಗ ನಾನು ನೇರ ಓಮದ ಡಬ್ಬಿಗೆ ಕೈ ಹಾಕಿದೆ.

"ಗ್ಯಾಸ್ ಕಣತ್ಗೆ. ನೆನ್ನೆ ಬಾಡೂಟ ವಸಿ ಜೋರಾಗ್ಬುಡ್ತು" ಎಂದ.

ಮೈಸೂರಿನಲ್ಲಿ ಎದೆನೋವೂ ಗ್ಯಾಸೇ, ಬೆನ್ನುನೋವೂ ಗ್ಯಾಸೇ. ಓಮ ಅಗಿದ, ಜೀರಿಗೆ ಕಷಾಯ ಕುಡಿದ, ಎರಡನ್ನೂ ಕಕ್ಕಿದ. ನೋವು ಬೆನ್ನಿಗೆ ತೂರಿ ಮುಖ ಬೂದಿಬಣ್ಣಕ್ಕೆ ತಿರುಗಿದಾಗ ನನಗೆ ಬುದ್ಧಿ ಬಂತು, ಆಟೋ ಕರೆದೆ.

ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ನಮ್ಮೂರ ಶಾಲೆಯ ಗೋಡೆಪಟದಲ್ಲಿ ಅದನ್ನು ನೋಡಿದ ನೆನಪು. ಹೊಟ್ಟೆಯ ಹಿಂದೆ, ನೆಂಟರು ಬಂದಾಗ ಅಡುಗೆಮನೆ ಬಾಗಿಲ ಮರೆಯಲ್ಲಿ ನಿಲ್ಲುವ ನನ್ನ ಹಾಗೆ, ನಾಚಿಕೊಂಡು ಅಡಗಿರುತ್ತದೆ. ತಿಂದದ್ದನ್ನು ಅರಗಿಸಲು ರಸ ಕಳಿಸುತ್ತ ಸುಮ್ಮನೆ ದುಡಿಯುತ್ತದೆ. ಸಹನೆ ಮೀರಿದರೆ ಮಾತ್ರ ಆ ರಸ ಗ್ರಂಥಿಯನ್ನೇ ಅರಗಿಸತೊಡಗುತ್ತದಂತೆ. ಬಾಯಿಲ್ಲದವರ ಸಿಟ್ಟು ಹೀಗೇ ಇರುತ್ತದೆ ನೋಡಿ.

ಕುಡಿತ, ಸಿಗರೇಟು, ಏರಿದ ಮೈತೂಕ, ರಕ್ತದಲ್ಲಿ ಹೆಚ್ಚಿದ ಕೊಬ್ಬು ಎಲ್ಲವೂ ಅದನ್ನು ಕೆಣಕುತ್ತವೆಯಂತೆ. ಬಾಟಲಿಯನ್ನೇ ಮುಟ್ಟದವರಿಗೂ ಪಿತ್ತಕೋಶದ ಕಲ್ಲಿನಿಂದ ಬರಬಹುದಂತೆ. ಆದ್ದರಿಂದ ಈ ಕಾಯಿಲೆ ಬಂದವರನ್ನೆಲ್ಲ ಕುಡುಕರು ಎಂದುಕೊಳ್ಳಬೇಡಿ. ನಮ್ಮವನ ಹೊಟ್ಟೆಯಲ್ಲಿ ಕಲ್ಲಿರಲಿಲ್ಲ, ಮಿಕ್ಕದ್ದೆಲ್ಲ ಇತ್ತು. ದೇವರಾಜ ಮೊಹಲ್ಲಾದ ತನ್ನ ಅಂಗಡಿಯಲ್ಲಿ ಬೆಳಗಿನಿಂದ ಕುಳಿತೇ ಇರುವುದು, ಸಂಜೆ ಅಲ್ಲಿಂದ ಎದ್ದು ಇನ್ನೊಂದು ಕಡೆ ಕುಳಿತುಕೊಳ್ಳುವುದು.

"ಇನ್ನೊಂದ್ಸಲ ಕುಡಿದ್ರೆ ನನ್ನ ಕೈಲಿ ಉಳಿಸೋಕಾಗುತ್ತೋ ಇಲ್ವೋ ಹೇಳಲಾರೆ" ಎಂದರು ಡಾಕ್ಟರಮ್ಮ. ಅವನು ಹೆದರಿ ಕುಡಿತ ಬಿಟ್ಟ. ಬೆಳಿಗ್ಗೆ ನಡೆದಾಡುತ್ತಿದ್ದ, ಸೊಪ್ಪಿನ ಸಾರನ್ನು ಬೈಯುತ್ತಲೇ ಉಣ್ಣುತ್ತಿದ್ದ. ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು.

ಹಿರಿಯರಿಗೆ ನಾವು ಎಡೆ ಇಡುವುದು ನಿಮಗೆ ಗೊತ್ತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಅವರು ನಿರುಮ್ಮಳವಾಗಿ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ನಿಮ್ಮ ತಾತನಿಗೆ ಪ್ರತಿವರ್ಷ ಕಜ್ಜಾಯ, ಕೋಳಿಸಾರು, ಪಕ್ಕದಲ್ಲಿ ಒಂದು ಚಿಕ್ಕ ಬ್ರಾಂದಿ ಬಾಟಲಿ. ಬಾಗಿಲು ತೆಗೆದ ಮೇಲೆ ಕಜ್ಜಾಯ ನಿಮಗೆ, ಬಾಟಲಿ ಚಿಕ್ಕತಾತನಿಗೆ.

"ಅಣ್ಣನ ಪ್ರಸಾದ ಅತ್ಗೆ, ಬ್ಯಾಡ ಅನ್ನಂಗಿಲ್ಲ. ಒಂದೇ ಗುಟುಕು" ಎಂದು ಎರಡು ದಿನ ಮೊದಲೇ ಪೀಠಿಕೆ ಹಾಕಿದ. ನಾನು ಎಂದಿನಂತೆ ತಲೆ ತಗ್ಗಿಸಿ ಕಜ್ಜಾಯ ತಟ್ಟಿದೆ. ಆದರೆ ಎಡೆ ಇಡುವಾಗ ಬಾಟಲಿಯ ಜಾಗದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡೆ. ಹೋದವರು ಮುನಿದರೆ ಹೇಗೆ? ಇರುವವನು ಮುನಿದರೆ ಹೇಗೆ?

ಬಾಗಿಲು ತೆಗೆದದ್ದೇ ತಡ, ಇರುವವನು ಮುನಿದ. "ಇದೇನತ್ಗೆ, ಸತ್ತೋನಿಗೇ ಮೋಸ ಮಾಡ್ಬುಟ್ರಲ್ಲ!"

ಮದುವೆಯಾದಾಗಿನಿಂದ ಅವನೆದುರು ದನಿ ಎತ್ತದವಳು ನಾನು. ಅಂದು ಎಲ್ಲಿತ್ತೋ ಮಾತು, ಬಂದುಬಿಟ್ಟಿತು. "ನಿಮ್ಮಣ್ಣಂಗೆ ಸಿಟ್ಟು ಬಂದ್ರೆ ನನ್ನ ಮ್ಯಾಲೆ ಬರ್ಲಿ ಕಣಪ್ಪ. ಅವ್ರ ಪಕ್ಕದಲ್ಲಿ ನಿಂಗೂ ಒಂದು ಎಲೆ ಹಾಕೋದು ನನ್ನ ಕೈಲಾಗಲ್ಲ."

ಅವನು ಎಡೆಯನ್ನೂ ನನ್ನನ್ನೂ ನೋಡಿದ. ಆಮೇಲೆ ಬಗ್ಗಿ ಲೋಟ ಎತ್ತಿ, ಒಂದು ಗುಟುಕು ಕುಡಿದು ಮುಖ ಕಿವಿಚಿದ.

"ಉಪ್ಪು ಕಮ್ಮಿ ಕಣತ್ಗೆ."

ಬದುಕಿದ್ದಷ್ಟು ಕಾಲ ನನ್ನ ಮಜ್ಜಿಗೆಗೆ ನಿಮ್ಮ ತಾತ ಹೇಳುತ್ತಿದ್ದುದೂ ಇದೊಂದೇ ಮಾತು. ಎಡೆ ಅವರಿಗೆ ಮುಟ್ಟಿತೆಂದು ನನಗೆ ಖಾತ್ರಿಯಾಯಿತು.