ಅಣ್ಣ ಹಾಕಿಟ್ಟ ಬ್ರೇಕು

ದೆವ್ವ, ಗಾಳಿ ಅಂದರೆ ನನಗೆ ಮೈಯುರಿ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಯಾರಾದರೂ ಅಂಥ ಕತೆ ತೆಗೆದರೆ ಎದ್ದು ಹೋಗುವವನು ನಾನು. ಅಂಥ ನನ್ನ ಮುಂದೆಯೇ ಅತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇಟ್ಟು ಹೇಳಿದರು: “ಕಾರಲ್ಲಿ ನಿಮ್ಮಣ್ಣ ಅವ್ರೆ ಕಣಪ್ಪ.”

ಅಣ್ಣ ತೀರಿಕೊಂಡು ಆಗಲೇ ಏಳೆಂಟು ತಿಂಗಳಾಗಿತ್ತು. ಗೊಂಬೆ ಕಡೆಯುವ ಲೇತಿನ ಮುಂದೆ ಕೂತಿದ್ದವನು ಎದೆ ಹಿಡಿದುಕೊಂಡು ಹಾಗೇ ಪಕ್ಕಕ್ಕೆ ಒರಗಿದ್ದ. ಅವನ ಹಳೇ ಕಾರನ್ನು ಮಾರಲು ಅತ್ತಿಗೆ ಒಪ್ಪಲಿಲ್ಲ. ಹಟ ಹಿಡಿದು ಡ್ರೈವಿಂಗ್ ಕಲಿತು, ವಿರೂಪಾಕ್ಷಿಪುರದ ಕಡೆಯ ಒಂದು ಚಿಕ್ಕ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತಿದ್ದರು. ಅಣ್ಣ ಇದ್ದಾಗ ಅವರಿಗೆ ಸ್ಟೇರಿಂಗ್ ಮುಟ್ಟಲೂ ಬಿಟ್ಟವನಲ್ಲ. ಈಗ ಅವರು ಬ್ರೇಕ್ ತುಳಿದಾಗಲೆಲ್ಲ ಹಿಂದಿನ ಚಕ್ರಗಳು ಕಿರ್ರೆಂದು ಚೀರುತ್ತಿದ್ದವು.

“ಬ್ರೇಕು ಕಿರುಚ್ದೆ ಹಾಡು ಹೇಳ್ತದಾ ಅತ್ಗೆ? ಧೂಳು ಕೂತಿರ್ತದೆ,” ಎಂದು ನಕ್ಕೆ.

“ಬರೀ ಸದ್ದಲ್ಲ ಕಣಪ್ಪ. ತುಳಿದೇಟಿಗೆ ಅವರ ವಾಸ್ನೆ ಬತ್ತದೆ. ನಾನು ಓಡ್ಸೋದು ಅವರಿಗೆ ಇಷ್ಟ ಇಲ್ಲ.”

ಅವರ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ಚೀರುವ ಸದ್ದಿಗೆ ಹೆದರಿ ಅವರು ಬ್ರೇಕ್ ತುಳಿಯುವುದನ್ನೇ ತಡಮಾಡತೊಡಗಿದ್ದರಂತೆ. ಹಿಂದಿನ ದಿನ ಹಾಲಿನ ಡೈರಿ ಮುಂದೆ ಅಡ್ಡ ಬಂದ ಎಮ್ಮೆಗೆ ಇನ್ನೇನು ತಾಗಬೇಕು ಅನ್ನುವಾಗ ಕಾರು ನಿಂತಿತಂತೆ. “ನನ್ ಕೈಲಾಗಲ್ಲ. ಕೆಲಸ ಬುಟ್ಟು ಮಾಗಡಿಗೆ ಹೊಂಟೋಯ್ತೀನಿ,” ಎಂದರು. ಮಾಗಡಿ ಅವರ ತವರು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈಸದ್ದು ನಿಂತುಹೋಯಿತು. ಮಗ ಹೋದ ಮೇಲೆ ಅವ್ವ ಒಂದು ತುತ್ತು ಉಣ್ಣುತ್ತಿದ್ದದ್ದು ಈ ಸೊಸೆ ಎದುರಿಗೆ ಕೂತರೆ ಮಾತ್ರ. ಅತ್ತಿಗೆ ಹೊರಟರೆ ಅವ್ವನೂ ನಮಗೆ ದಕ್ಕುವುದಿಲ್ಲ ಎಂದು ನನಗೆ ನಿಜವಾಗಿ ಭಯವಾಯಿತು.

ನಾನು ಮೆಕ್ಯಾನಿಕ್ ಅಲ್ಲ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುವ ಗೂಡ್ಸ್ ಆಟೋ ನನ್ನದು, ಅದರ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಮೊದಲು ಕಾರನ್ನು ಬೈಪಾಸಿನ ತನಕ ಓಡಿಸಿ ನೋಡಿದೆ. ಪ್ರತಿ ಸಲ ಅದು ಚೀರಿದಾಗಲೂ ಬೇಡವೆಂದರೂ ಕಣ್ಣು ಕನ್ನಡಿಗೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತಿಗೆಯ ಕೊಡೆ ಬಿಟ್ಟರೆ ಏನೂ ಇರಲಿಲ್ಲ. ಏನಿರುತ್ತದೆ, ಮಣ್ಣು, ಎಂದು ನನಗೆ ನಾನೇ ಬೈದುಕೊಂಡೆ.

ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಹಿಂದೆ ಜಾಕ್ ಹಾಕಿ ಎತ್ತಿ, ಅಣ್ಣನ ಲೇತ್ ಮನೆಯಲ್ಲಿ ಉಳಿದಿದ್ದ ಮರದ ದಿಮ್ಮಿಗಳನ್ನು ಅಡಿಗಿಟ್ಟು ಚಕ್ರ ಬಿಚ್ಚಿದೆ. ಬ್ರೇಕನ್ನು ಮುಚ್ಚಿರುವ ಕಬ್ಬಿಣದ ಡ್ರಮ್ಮು ಇನ್ನೂ ಬಿಸಿಯಿತ್ತು. ಬಟ್ಟೆ ಹಿಡಿದು, ಸುತ್ತ ಸುತ್ತಿಗೆಯಿಂದ ತಟ್ಟಿ ಎಳೆದೆ.

ಕಳಚಿಕೊಂಡ ಡ್ರಮ್ಮಿನ ಒಳಗಿಂದ ಅಣ್ಣನ ವಾಸನೆ ಮುಖಕ್ಕೆ ಹೊಡೆಯಿತು.

ಸುಳ್ಳು ಯಾಕೆ ಹೇಳಲಿ, ಡ್ರಮ್ಮನ್ನು ಅಲ್ಲೇ ನೆಲಕ್ಕೆ ಬಿಟ್ಟು ಹಿಂದಕ್ಕೆ ಸರಿದೆ. ಸಂಜೆ ಕೆಲಸ ಮುಗಿಸಿ ಬಂದು ಅವನು ಮೊಳೆಗೆ ತಗುಲಿಸುತ್ತಿದ್ದ ಅಂಗಿಯ ವಾಸನೆಯೇ ಅದು, ಬಿಸಿ ಅರಗಿನದು. ಹಾಡಹಗಲಲ್ಲಿ, ಅಂಗಳದ ನಡುವೆ, “ಅಣ್ಣಾ” ಎಂದುಬಿಟ್ಟೆ. ಯಾರಾದರೂ ಓಗೊಡುತ್ತಾರೇನೋ ಎಂದು ಒಂದು ಗಳಿಗೆ ಕಾದೂ ಕಾದೆ.

ಆಮೇಲೆ ಬಗ್ಗಿ ನೋಡಿದೆ. ಚಕ್ರ ಹಿಡಿದು ನಿಲ್ಲಿಸಬೇಕಾದ ಬ್ರೇಕ್ ಶೂಗಳ ಪಟ್ಟಿ, ಅವು ಒತ್ತುವ ಡ್ರಮ್ಮಿನ ಒಳಮೈ, ಎರಡೂ ಫಳಫಳ ಹೊಳೆಯುತ್ತಿದ್ದವು. ಆಗ ಅರ್ಥವಾಯಿತು. ಸಾಯುವ ಕೆಲವು ದಿನ ಮುಂಚೆ ಅಣ್ಣ ತಾನೇ ಹೊಸ ಶೂ ತಂದು ಹಾಕಿದ್ದ. ನಮ್ಮ ಊರಿನ ಗೊಂಬೆಯವರಿಗೆ ದುಂಡಗಿರುವುದೆಲ್ಲ ನುಣುಪಾಗಿಯೇ ಇರಬೇಕು. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ಮೇಲೆ ತಾಳೆಗರಿ ಹಿಡಿದು ಮಿಂಚಿಸುತ್ತಾರೆ. ಒರಟಾದ ಬ್ರೇಕನ್ನು ಕಂಡು ಅಣ್ಣನ ಕೈ ಸುಮ್ಮನಿರಲಾರದೆ ಅದನ್ನೂ ಅರಗು ಮೆತ್ತಿದ ತಾಳೆಗರಿಯಲ್ಲಿ ಉಜ್ಜಿತ್ತು. ತುಳಿದಾಗಲೆಲ್ಲ ಜಾರಿ ಚೀರಿದ್ದು, ಕಾದು ವಾಸನೆ ಬಿಟ್ಟದ್ದು ಆ ಅರಗೇ. ಓಡಿಸಿ ನೋಡುವಷ್ಟು ದಿನ ಅವನಿಗೆ ಸಿಗಲಿಲ್ಲ.

ಅತ್ತಿಗೆಯನ್ನು ಕರೆದು ತೋರಿಸಿದೆ. ಅವರು ಕುಕ್ಕರುಗಾಲಲ್ಲಿ ಕೂತು ಆ ಹೊಳಪಿನ ಮೇಲೆ ಬೆರಳಾಡಿಸಿದರು.

“ಅಯ್ಯೋ, ಬ್ರೇಕಿಗೂ ಪಾಲೀಶ್ ಮಾಡವ್ರಲ್ಲಪ್ಪ!” ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. “ಹಂಗಾದ್ರೆ ಅವರು ನನ್ನ ಬೈತಾ ಇರ್ಲಿಲ್ಲ.” ಡ್ರಮ್ಮನ್ನು ಇನ್ನೊಮ್ಮೆ ಸವರಿ, “ಇದು ಹಿಂಗೇ ಇರ್ಲಿ ಬುಡು. ಕಿರುಚಿದ್ರೆ ಕಿರುಚ್ಕಳ್ಳಿ,” ಎಂದರು.

ನನಗೆ ರೇಗಿತು. “ಇದು ಹಿಡಿಯಾಕಿಲ್ಲ, ಜಾರ್ತದೆ! ನಿಮಗೂ ಏನಾರ ಆದ್ರೆ ಅವ್ವನ್ನ ನೋಡೋರ್ಯಾರು?”

ಕೂಗಾಡಿದವನು ಇನ್ನೊಂದು ಚಕ್ರವನ್ನೂ ಬಿಚ್ಚಿಟ್ಟು, ಪೇಟೆಗೆ ಹೋಗಿ ಹೊಸ ಶೂ, ಎಮರಿ ಪೇಪರ್ ತಂದೆ. ಡ್ರಮ್ಮಿನ ಹೊಳಪನ್ನು ಉಜ್ಜಿ ಒರಟು ಮಾಡಬೇಕಿತ್ತು. ಪೇಪರ್ ಹಿಡಿದು ಕೂತರೆ ಕೈಯೇ ಏಳಲಿಲ್ಲ. ಅಣ್ಣ ಕೊನೆಯದಾಗಿ ಮಿಂಚಿಸಿದ್ದು ಅದು. ಅತ್ತಿಗೆ ನನ್ನ ಕೈಯಿಂದ ಪೇಪರ್ ತೆಗೆದುಕೊಂಡರು. ಗಾಯ ತೊಳೆಯುವವರ ಹಾಗೆ ಆತುರವಿಲ್ಲದೆ, ಒಂದು ಚೂರೂ ಬಿಡದೆ, ಎರಡೂ ಡ್ರಮ್ಮುಗಳನ್ನು ಉಜ್ಜಿದರು. ನಾನು ಹೊಸ ಶೂ ಕೂರಿಸಿ ಚಕ್ರ ಹಾಕಿದೆ.

ಮಾರನೆಯ ದಿನ ಅವರು ಕೆಲಸಕ್ಕೆ ಹೋದರು. ಸಂಜೆ ಕಾರು ಅಂಗಳಕ್ಕೆ ಬಂದು ನಿಂತದ್ದೇ ಗೊತ್ತಾಗಲಿಲ್ಲ. ತಲೆಯೆತ್ತಿ ನೋಡಿದರೆ ಅತ್ತಿಗೆ ಇನ್ನೂ ಇಳಿಯದೆ ಸ್ಟೇರಿಂಗ್ ಹಿಡಿದೇ ಕೂತಿದ್ದರು. ನಾನು ಜಂಬದಿಂದಲೇ ಹತ್ತಿರ ಹೋಗಿ, “ಎಂಗೈತೆ ಅತ್ಗೆ?” ಎಂದೆ.

“ಚೆನ್ನಾಗೈತೆ. ತುಳಿದಲ್ಲೇ ನಿಲ್ತದೆ. ಮಾಗಡಿಗೇನೂ ಹೋಗಾಕಿಲ್ಲ, ಅವ್ವಂಗೆ ಹೇಳು.”

ಕೀ ತೆಗೆದು ಮಡಿಲಲ್ಲಿಟ್ಟುಕೊಂಡರು. ಖಾಲಿ ಹಿಂದಿನ ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ.

“ಇಷ್ಟು ದಿನ್ದಲ್ಲಿ ಇವತ್ತೇ ಕಣಪ್ಪ, ನಾನು ಒಬ್ಬಳೇ ಹೋಗಿ ಬಂದಿದ್ದು.”